ಮೈಗೂ ನೆನಪಿರುತ್ತದೆ

ಹುಬ್ಬಳ್ಳಿಯಲ್ಲಿ ತಂಗಿಯ ಮಗಳಿಗೆ 9 ತಿಂಗಳು ತುಂಬಿತು, ದಡಾರ-ರುಬೆಲ್ಲಾ ಲಸಿಕೆ ಹಾಕಿಸಿದೆವು. ವಾರ ಕಳೆದ ಮೇಲೆ ಮೈ ಬೆಚ್ಚಗಾಯಿತು, ಬೆನ್ನ ಮೇಲೆ ಸಣ್ಣ ಕೆಂಪು ಗಂಧೆ ಎದ್ದವು. "ಆರಾಮ ಇದ್ದ ಕೂಸಿಗೆ ಸೂಜಿ ಯಾಕ ಚುಚ್ಚಿಸಿದ್ರವ್ವಾ?" ಅಂತ ಅಜ್ಜಿಗೆ ಸಂಕಟ.

ಆ ಜ್ವರ ಮೈ ತಾನೇ ಏರಿಸಿಕೊಳ್ಳುವಂಥದ್ದು. ಲಸಿಕೆಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಸ್. ಅದು ಒಳಗೆ ಸ್ವಲ್ಪ ಬೆಳೆಯಬೇಕು, ಬಿಳಿ ರಕ್ತಕಣಗಳು ಅದರ ಗುರುತು ಹಿಡಿಯಬೇಕು. ಅದಕ್ಕೇ ಜ್ವರ ತಡವಾಗಿ ಬರುತ್ತದೆ. ಕೆಲಸ ಮುಗಿದ ಮೇಲೂ ಕೆಲವು ಕಣಗಳು ಆ ಗುರುತು ಇಟ್ಟುಕೊಂಡು ಉಳಿಯುತ್ತವೆ. ಮುಂದೆ ನಿಜವಾದ ದಡಾರ ಒಳಗೆ ಬಂದರೆ ಅದನ್ನು ತಡೆಯುವ ಪ್ರತಿಕಾಯಗಳು (ಆ್ಯಂಟಿಬಾಡಿ) ಬೇಗ ತಯಾರಾಗುತ್ತವೆ.

ಈ ನೆನಪು ಎಷ್ಟು ಗಟ್ಟಿ ಗೊತ್ತಾ? 1846ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಫಾರೋ ದ್ವೀಪಗಳಲ್ಲಿ ದಡಾರ ಹಬ್ಬಿತು. ಪೀಟರ್ ಪಾನುಮ್ ಎಂಬ ಡ್ಯಾನಿಶ್ ವೈದ್ಯ ಊರೂರು ತಿರುಗಿ ವಿಚಾರಿಸಿದ. ಅಲ್ಲಿ ಹಿಂದೆ ದಡಾರ ಬಂದಿದ್ದು 1781ರಲ್ಲಿ. ಆಗ ಅದನ್ನು ಅನುಭವಿಸಿದ್ದ ಮುದುಕರಲ್ಲಿ ಯಾರಿಗೂ ಮತ್ತೆ ಬಂದಿದ್ದು ಅವನಿಗೆ ಕಾಣಲಿಲ್ಲ. 65 ವರ್ಷ! ಓದಿದಾಗ ಮೈ ಜುಮ್ ಅಂತು.

"ಹಂಗಾದ್ರ ರೋಗ ಬಂದು ಹೋದ್ರೂ ನಡೀತದಲ್ಲ?" ಅಂದರು ಅಜ್ಜಿ. ನಡೆಯಲ್ಲ. ದಡಾರದಿಂದ ನ್ಯುಮೋನಿಯಾ ಆಗಬಹುದು, ಮಿದುಳಿಗೂ ಬಾವು ಬರಬಹುದು. ಇನ್ನೂ ಒಂದು ಕಷ್ಟ ಇದೆ: ಬೇರೆ ರೋಗಗಳ ಬಗ್ಗೆ ಮೈ ಕೂಡಿಟ್ಟುಕೊಂಡ ನೆನಪಲ್ಲಿ ಎಷ್ಟೋ ಪಾಲನ್ನು ಅದು ಅಳಿಸಿಬಿಡುತ್ತದೆ. ಲಸಿಕೆ ಹಾಗೆ ಮಾಡುವುದಿಲ್ಲ.

ಎರಡನೇ ಡೋಸ್ 16ರಿಂದ 24 ತಿಂಗಳೊಳಗೆ. ತಾಯಿ ಕಾರ್ಡಿನಲ್ಲಿ ತಂಗಿ ಆಗಲೇ ಗುರುತು ಹಾಕಿಟ್ಟಿದ್ದಾಳೆ.