ಪುಶ್ ಹೋದ ಮೇಲೆ

ನಮ್ಮ ಡಿಜಿಟಲ್ ಡೆಸ್ಕಿನಲ್ಲಿ ‘ರೆಡಿ’ ಎಂಬ ಫೋಲ್ಡರ್ ಇದೆ. ಹಿರಿಯ ಕಲಾವಿದರ ಬದುಕಿನ ವಿವರ, ಗ್ಯಾಲರಿ, ಪ್ರಶಸ್ತಿಗಳ ಬಾಕ್ಸ್ ಎಲ್ಲವೂ ಮೊದಲೇ ಸಿದ್ಧ. ಅವರು ತೀರಿಕೊಂಡ ದಿನ ಮೇಲೊಂದು ಲೀಡ್, ಅಂದರೆ ಸುದ್ದಿಯ ಮೊದಲ ಪ್ಯಾರಾ, ಕೂರಿಸಿದರೆ ಸಾಕು. ಪಟ್ಟಿಯನ್ನು ವಯಸ್ಸಿನ ಪ್ರಕಾರ ಮಾಡಿದ ಪುಣ್ಯಾತ್ಮರು ಮ್ಯಾನೇಜ್‌ಮೆಂಟಿನವರು. ಎಂಬತ್ತು ದಾಟಿದವರ ಕಡತಗಳು ಬಲು ಅಚ್ಚುಕಟ್ಟು. ಸಂಚಾರಿ ವಿಜಯ್ ಅದರಲ್ಲಿ ಇರಲಿಲ್ಲ. ನಲವತ್ತು ತುಂಬದ ನಟನನ್ನು ಅಲ್ಲಿಗೆ ಸೇರಿಸುವ ಮನಸ್ಸು ಯಾರಿಗೆ ಬಂದೀತು?

2021ರ ಜೂನ್ 12ರ ಶನಿವಾರ ರಾತ್ರಿ ಬೆಂಗಳೂರಿನಲ್ಲಿ ಬೈಕ್ ಅಪಘಾತ. ಹಿಂಬದಿಯಲ್ಲಿ ಕುಳಿತಿದ್ದ ವಿಜಯ್ ಅವರ ತಲೆಗೆ ತೀವ್ರ ಪೆಟ್ಟು, ಶಸ್ತ್ರಚಿಕಿತ್ಸೆ. ಸೋಮವಾರ ಆಸ್ಪತ್ರೆಯ ಬುಲೆಟಿನ್ ಬಂತು: ಮಿದುಳು ವೈಫಲ್ಯದ ಲಕ್ಷಣಗಳಿವೆ, ಜೀವರಕ್ಷಕ ವ್ಯವಸ್ಥೆಯಲ್ಲಿದ್ದಾರೆ, ಅಂಗಾಂಗ ದಾನಕ್ಕೆ ಕುಟುಂಬ ಒಪ್ಪಿದೆ. ಅಷ್ಟರಲ್ಲಿ ಟ್ವಿಟರ್ ತುಂಬ ಸಂತಾಪ. ಬರೆದವರು ಅನಾಮಿಕರಲ್ಲ, ಚಿತ್ರರಂಗದ ದೊಡ್ಡ ಹೆಸರುಗಳೇ.

ಕೋವಿಡ್ ಕಾಲ, ಮನೆಯಿಂದಲೇ ಶಿಫ್ಟ್. ಗ್ರೂಪಿನಲ್ಲಿ ಬೇರೆ ಸೈಟ್‌ಗಳ ಸ್ಕ್ರೀನ್‌ಶಾಟ್‌ಗಳು ಒಂದರ ಮೇಲೊಂದು ಬೀಳತೊಡಗಿದವು. ‘ಎಲ್ಲರೂ ಹಾಕಿಯಾಯಿತು, ನಾವು ಮಾತ್ರ ಪೂಜೆ ಮಾಡುತ್ತಾ ಕುಳಿತಿದ್ದೇವೆಯೇ?’ ಎಂದು ಮೇಲಿನವರ ಸಂದೇಶ. ಆಸ್ಪತ್ರೆ, ಆರೋಗ್ಯದ ಸುದ್ದಿ ನೋಡಿಕೊಳ್ಳುವ ಹಿರಿಯ ವರದಿಗಾರರ ಫೋನ್ ಸತತವಾಗಿ ಬಿಜಿ. ನನ್ನ ಲೆಕ್ಕಾಚಾರ ಸರಳವಾಗಿತ್ತು: ಮನೆಯವರೇ ಅಂಗಾಂಗ ದಾನದ ಮಾತಾಡಿದ್ದಾರೆ, ಒಡನಾಡಿಗಳೇ ಸಂತಾಪ ಬರೆದಿದ್ದಾರೆ, ಇನ್ನು ಕಾಯುವುದಾದರೂ ಏತಕ್ಕೆ? ‘ಇನ್ನಿಲ್ಲ’ ಎಂದು ಶೀರ್ಷಿಕೆ ಕೊಟ್ಟು, ಓದುಗರ ಫೋನ್‌ಗಳಲ್ಲಿ ತಾನಾಗಿ ಮೂಡುವ ಸೂಚನೆಯನ್ನು, ಅಂದರೆ ಪುಶ್ ಬಿಟ್ಟೆ.

ಹಿರಿಯರು ಆಮೇಲೆ ತಾವೇ ಕರೆ ಮಾಡಿದರು. ‘ವೆಂಟಿಲೇಟರಿನಲ್ಲಿದ್ದಾರೆ ಕಣಪ್ಪ, ಸಾವು ಘೋಷಣೆಯಾಗಿಲ್ಲ. ಮಿದುಳಿನ ಸಾವನ್ನು ದೃಢಪಡಿಸುವ ಫಾರ್ಮ್ 10 ಆಗಿದೆ ಎಂದು ನಿನಗೆ ಹೇಳಿದವರು ಯಾರು?’

‘ಸರ್, ಟ್ವೀಟ್‌ಗಳು...’ ಎಂದೆ. ಅವರು ಮಾತಾಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಶೀರ್ಷಿಕೆ ಬದಲಿಸಲು ನಿಮಿಷವೂ ಬೇಕಾಗಲಿಲ್ಲ. ಆದರೆ ಸುದ್ದಿಯ ಲಿಂಕ್ ಆದ ಯುಆರ್‌ಎಲ್‌ನಲ್ಲಿ ಹಳೆಯ ಶೀರ್ಷಿಕೆ ಹಾಗೆಯೇ ಉಳಿಯಿತು. ಪಬ್ಲಿಷ್ ಆದ ಮೇಲೆ ಅದನ್ನು ಮುಟ್ಟಲು ಸುದ್ದಿ ಹಾಕುವ ನಮ್ಮ ಸಾಫ್ಟ್‌ವೇರ್ ಸಿಎಂಎಸ್ ಬಿಡುವುದಿಲ್ಲ. ಫೋನ್‌ಗಳಿಗೆ ಹೋದ ಪುಶ್ಶನ್ನಂತೂ ಬ್ರಹ್ಮನೂ ವಾಪಸ್ ಕರೆಯಲಾರ. ಆಸ್ಪತ್ರೆಯ ಹೊರಗೆ ನಿಂತಿದ್ದ ಅವರ ಬಂಧುಗಳ ಕೈಯಲ್ಲೂ ಮೊಬೈಲ್ ಇದ್ದಿರಬೇಕು ಎಂಬುದು ಹೊಳೆದದ್ದು ಆಗಲೇ. ಕಪ್ಪು-ಬಿಳುಪು ಮಾಡಿದ್ದ ಫೋಟೊವನ್ನು ಮತ್ತೆ ಬಣ್ಣಕ್ಕೆ ಬದಲಿಸುವಾಗ ನನಗೇ ಹೇಸಿಗೆಯಾಯಿತು.

ಆ ಹಿರಿಯರು ಸಂಜೆ ಬಿಡಿಸಿ ಹೇಳಿದ್ದು ಇಷ್ಟು. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ಮಿದುಳು ಕಾಂಡದ ಸಾವನ್ನು ನಾಲ್ವರು ವೈದ್ಯರ ಮಂಡಳಿ ದೃಢಪಡಿಸಬೇಕು. ಪರೀಕ್ಷೆ ಎರಡು ಬಾರಿ ನಡೆಯಬೇಕು, ನಡುವೆ ಕನಿಷ್ಠ ಆರು ಗಂಟೆ ಅಂತರವಿರಬೇಕು. ಬುಲೆಟಿನ್‌ನಲ್ಲಿ ‘ವೈಫಲ್ಯ’ ಎಂದಿದ್ದರೆ ಅಷ್ಟೇ ಬರೆಯಬೇಕು. ಮಂಗಳವಾರ ನಸುಕಿನಲ್ಲಿ ಅಧಿಕೃತ ಘೋಷಣೆ ಬಂತು. ನಿಜವಾದ ಸುದ್ದಿಯನ್ನು ಹಾಕುವಾಗ ಪುಶ್ ಬೇಡವೆಂದೆ. ಎರಡನೇ ಸಲ ಯಾವ ಮುಖ ಇಟ್ಟುಕೊಂಡು ಕಳಿಸುವುದು?

ನುಡಿನಮನದ ಕಾಪಿಯೂ ಅವಸರದ ಅಡುಗೆಯೇ ಆಗಿತ್ತು. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ಬಂದ ರಾಷ್ಟ್ರ ಪ್ರಶಸ್ತಿ ಲೀಡ್‌ನಲ್ಲಿ, ಬಾಕ್ಸ್‌ನಲ್ಲಿ, ಕ್ಯಾಪ್ಶನ್‌ನಲ್ಲಿ ಮತ್ತೆ ಮತ್ತೆ ಬಂದಿತ್ತು. ಹೆಸರಿಗೆ ‘ಸಂಚಾರಿ’ ಸೇರಿದ್ದು ರಂಗತಂಡದಿಂದ, ಕೋವಿಡ್ ಎರಡನೇ ಅಲೆಯಲ್ಲಿ ಆಮ್ಲಜನಕ ಒದಗಿಸುವ ತಂಡದೊಂದಿಗೆ ಅವರು ಓಡಾಡುತ್ತಿದ್ದರು ಎಂಬ ವಿವರಗಳು ಕೊನೆಯ ಪ್ಯಾರಾದಲ್ಲಿ ಮುದುಡಿ ಕುಳಿತಿದ್ದವು. ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ ನಡೆದ ಅಂತ್ಯಕ್ರಿಯೆಯ ವರದಿ ಬಂದ ಮೇಲೆ ಕಾಪಿಯನ್ನು ಪೂರ್ತಿ ಮುರಿದು ಕಟ್ಟಿದೆ. ಹಿಟ್ಸ್ ಬಂದದ್ದು ಮೊದಲಿನದಕ್ಕೇ, ಬಿಡಿ.

ಅದೇ ವರ್ಷ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ಆಸ್ಪತ್ರೆಗೆ ದಾಖಲಾದ ಸುದ್ದಿ ಬಂದಾಗ ‘ರೆಡಿ’ ಫೋಲ್ಡರ್ ತೆರೆದರೆ ಅವರ ಹೆಸರೂ ಇಲ್ಲ. ಇರುವುದಾದರೂ ಹೇಗೆ, 46 ವರ್ಷ. ಗ್ರೂಪಿನಲ್ಲಿ ಮತ್ತೆ ಸ್ಕ್ರೀನ್‌ಶಾಟ್‌ಗಳ ಸುರಿಮಳೆ. ಈ ಸಲ ‘ಸ್ಥಿತಿ ಗಂಭೀರ’ದಿಂದ ಆಚೆ ಒಂದಕ್ಷರವನ್ನೂ ಸೇರಿಸಲಿಲ್ಲ. ಅಧಿಕೃತ ಮಾತು ಬರುವವರೆಗೆ ಬೈಗುಳ ತಿಂದೆ, ಅಪ್‌ಡೇಟ್ ಮಾಡಲಿಲ್ಲ. ತಡವಾಯಿತೆಂದು ಮೀಟಿಂಗಿನಲ್ಲಿ ವಿವರಣೆಯನ್ನೂ ಕೇಳಿದರು.

ಸಾವಿನ ಸುದ್ದಿಯ ಪುಶ್‌ಗೆ ಇಬ್ಬರ ಒಪ್ಪಿಗೆ ಕಡ್ಡಾಯವಾಗಬೇಕೆಂದು ಟೆಕ್ ತಂಡಕ್ಕೆ ಆಗಲೇ ಟಿಕೆಟ್ (ಲಿಖಿತ ಕೋರಿಕೆ) ಹಾಕಿದ್ದೆ. ‘ಲೋ ಪ್ರಯಾರಿಟಿ’ ಎಂದು ಗುರುತು ಹಾಕಿ ಮುಂದಿನ ಸ್ಪ್ರಿಂಟಿಗೆ, ಅಂದರೆ ತಮ್ಮ ಮುಂದಿನ ಸುತ್ತಿನ ಕೆಲಸಕ್ಕೆ ತಳ್ಳಿದ್ದಾರೆ. ಆ ಸ್ಪ್ರಿಂಟ್ ಇನ್ನೂ ಬಂದಿಲ್ಲ.