ಕಾಕಾನ ಕ್ಯಾಸೆಟ್‌ಗಳು: ಮೂರನೇ ಡಿವಿಡಿಗೆ ಕೆಲಸ ನಿಂತಿತು

ಶನಿವಾರ

ಮಾಳಮಡ್ಡಿ ಕಾಕಾನ 14 ಮಿನಿ ಡಿವಿ (ವಿಡಿಯೊ ಕ್ಯಾಮೆರಾದ ಪುಟ್ಟ ಟೇಪ್) ಕ್ಯಾಸೆಟ್‌ಗಳಲ್ಲಿ ಎರಡನ್ನು ಡಿವಿಡಿಗೆ ಇಳಿಸಿದ್ದೆ. ಮೂರನೆಯದಕ್ಕೆ ಕೂತರೆ ಡಿವಿಡಿ ರೈಟರೇ ಮಾಯ! ಟ್ರೇ ಹೊರಗೆ ಬರುತ್ತದೆ, ಲೈಟ್ ಹತ್ತುತ್ತದೆ, ವಿಂಡೋಸ್‌ನಲ್ಲಿ ಮಾತ್ರ ಹೆಸರಿಲ್ಲ.

ಈ ಹಳೆ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರೇ ಯಾಕೆ ಅಂದರೆ, ಇದರಲ್ಲಿ ಫೈರ್‌ವೈರ್ ಕಾರ್ಡ್ ಇದೆ. ಕ್ಯಾಮೆರಾದಿಂದ ಟೇಪ್ ಎಳೆದುಕೊಳ್ಳಲು ಅದೇ ಬೇಕು. ಒಂದು ತಾಸಿನ ಟೇಪ್ ಸುಮಾರು 13 ಜಿಬಿ ಆಗುತ್ತದೆ.

ಮೊದಲಿನ ಎರಡು ಡಿಸ್ಕ್ ಬರ್ನ್ ಆಗಲು ತಲಾ 50 ನಿಮಿಷ ಹಿಡಿದಿತ್ತು. ಹಾಗಾಗಿ ರೈಟರ್ ಸಾಯುತ್ತಿತ್ತು, ಈಗ ಸತ್ತಿದೆ ಅಂತ ತೀರ್ಮಾನ ಮಾಡಿಬಿಟ್ಟೆ.

ಭಾನುವಾರ

ಹುಬ್ಬಳ್ಳಿಗೆ ಹೋಗಿ 400 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ರೈಟರ್ ತಂದೆ. ಹಾಕಿದೆ. ಅದೂ ಕಾಣಲಿಲ್ಲ. ಸುಮ್ನೆ ದುಡ್ಡು ದಂಡ.

ಡಿವೈಸ್ ಮ್ಯಾನೇಜರ್ (ವಿಂಡೋಸ್‌ಗೆ ಕಾಣುವ ಭಾಗಗಳ ಪಟ್ಟಿ) ಆಗ ನೋಡಿದೆ, ಮೊದಲೇ ನೋಡಬೇಕಿತ್ತು. ಎರಡು ಐಡಿಇ ಕಂಟ್ರೋಲರ್ (ಡ್ರೈವ್‌ಗಳನ್ನು ಬೋರ್ಡಿಗೆ ಜೋಡಿಸುವ ಭಾಗ) ಇರಬೇಕಾದ ಕಡೆ ಒಂದೇ ಇದೆ. ಮೂಲೆಯ ಗಡಿಯಾರದಲ್ಲಿ 2003ರ ಜನವರಿ 1.

ಗಡಿಯಾರ, ಸೆಟ್ಟಿಂಗ್ ನೆನಪಿಡುವ ಮದರ್‌ಬೋರ್ಡಿನ ಸೆಲ್ ಹೋಗಿದೆ ಅಂತ ಅಲ್ಲಿಗೆ ತಿಳಿಯಿತು. ಪ್ಲಗ್ ಇರುವವರೆಗೂ ಸೆಟ್ಟಿಂಗ್ ಹೇಗೋ ಉಳಿದಿತ್ತು. ಶುಕ್ರವಾರ ರಾತ್ರಿ ಗುಡುಗು ಜಾಸ್ತಿ ಅಂತ ನಾನೇ ಪ್ಲಗ್ ಕಿತ್ತಿಟ್ಟಿದ್ದೆ. ಬಯೋಸ್ (ಕಂಪ್ಯೂಟರ್ ಶುರುವಾಗುವಾಗ ಓಡುವ, ಬೋರ್ಡಿನೊಳಗಿನ ಪ್ರೋಗ್ರಾಂ) ಎಲ್ಲ ಮರೆತು ಕಾರ್ಖಾನೆಯ ಸೆಟ್ಟಿಂಗ್‌ಗೆ ಹೋಗಿದೆ. ನನ್ನದು ಇಂಟೆಲ್ 865 ಬೋರ್ಡ್. ಅದರಲ್ಲಿ ಐಡಿಇಗೆ ಎರಡು ಮೋಡ್. ಎನ್ಹಾನ್ಸ್ಡ್‌ನಲ್ಲಿ ಹಳೆ ಐಡಿಇ ಮತ್ತು ಅದರ ನಂತರ ಬಂದ ಸಾಟಾ ಜೋಡಣೆ ಬೇರೆ ಬೇರೆ ಕಾಣುತ್ತವೆ. ಕಂಪ್ಯಾಟಿಬಲ್‌ನಲ್ಲಿ ವಿಂಡೋಸ್ 98ರಂಥವಕ್ಕೆ ತಿಳಿಯಲಿ ಅಂತ ಪ್ರೈಮರಿ, ಸೆಕೆಂಡರಿ ಅಂತ ಎರಡೇ ಚಾನೆಲ್ (ಡ್ರೈವ್ ಜೋಡಿಸುವ ದಾರಿ) ಉಳಿಯುತ್ತವೆ. ಬಯೋಸ್ ಇದಕ್ಕೇ ಮರಳಿತ್ತು. ನನ್ನ ಸಾಟಾ ಹಾರ್ಡ್ ಡಿಸ್ಕ್ ಬಂದು ಸೆಕೆಂಡರಿ ಜಾಗದಲ್ಲಿ ಕೂತಿತ್ತು. ಅಲ್ಲಿದ್ದ ರೈಟರ್ ಹೊರಗೆ!

ಸುಭಾಸ್ ರೋಡಿನ ಗಡಿಯಾರದ ಅಂಗಡಿಯಿಂದ ಸಿಆರ್ 2032 ಸೆಲ್ ತಂದು ಹಾಕಿ, ಬಯೋಸ್‌ನಲ್ಲಿ ಮೋಡ್ ಎನ್ಹಾನ್ಸ್ಡ್‌ಗೆ ಬದಲಿಸಿದೆ. ರೈಟರ್ ಬಂತು. ಹಳೆಯದೂ ಚೆನ್ನಾಗಿಯೇ ಇದೆ.

ಸೋಮವಾರ

ಬರ್ನ್ ಮಾತ್ರ ಅದೇ ಆಮೆ ನಡಿಗೆ. ಲೈಟ್ ಹತ್ತಿ ಹತ್ತಿ ಆರುತ್ತದೆ, ಮೌಸ್ ಕೂಡ ತೊದಲುತ್ತದೆ. "ಹಪ್ಪಳಾ ಸುಡಾಕತ್ತಿಯೇನೋ ತಮ್ಮಾ, ಇಷ್ಟೊತ್ತು?" ಅಂದರು ಕಾಕಾ.

ಅಂದರೆ ರೈಟರ್ ಕಾಣದಿದ್ದದ್ದು, ಬರ್ನ್ ನಿಧಾನವಾದದ್ದು ಎರಡು ಬೇರೆ ರೋಗ. ನಾನು ಒಂದೇ ಅಂದುಕೊಂಡಿದ್ದೆ.

ಸೆಕೆಂಡರಿ ಐಡಿಇ ಚಾನೆಲ್‌ನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ನೋಡಿದೆ. 'ಸಾಧ್ಯವಿದ್ದರೆ ಡಿಎಂಎ' ಅಂತ ಮೊದಲೇ ಆಯ್ಕೆಯಾಗಿದೆ. ಕೆಳಗೆ ಈಗಿನ ಮೋಡ್ ನೋಡಿದರೆ ಪಿಐಒ! ಡಿಎಂಎಯಲ್ಲಿ ಡೇಟಾ ನೇರ ಮೆಮೊರಿಯಿಂದ ಹೋಗುತ್ತದೆ. ಪಿಐಒದಲ್ಲಿ ಪ್ರೊಸೆಸರೇ ತುತ್ತು ತುತ್ತಾಗಿ ಉಣಿಸಬೇಕು. 8ಎಕ್ಸ್ ವೇಗದಲ್ಲಿ ಡಿವಿಡಿ ಬರೆಯಲು ಸೆಕೆಂಡಿಗೆ ಸುಮಾರು 11 ಎಂಬಿ ಬೇಕು. ಅಷ್ಟು ಸಿಗದೆ ರೈಟರಿನ ಬಫರ್ (ಬರೆಯುವ ಮೊದಲು ಡೇಟಾ ಕೂಡಿಡುವ ಜಾಗ) ಬರಿದಾಗಿ ಲೇಸರ್ ನಿಂತು ನಿಂತು ಬರೆಯುತ್ತಿತ್ತು.

ಎಕ್ಸ್‌ಪಿಯ ಚಾಳಿ ಹೀಗಿದೆ: ಆರು ಸಲ ತಪ್ಪು ಕಂಡರೆ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ, ಕೊನೆಗೆ ಪಿಐಒಗೆ ತಂದು ಕೂರಿಸುತ್ತದೆ. ತಪ್ಪು ಎಲ್ಲಿಂದ ಬಂತು ಅಂತ ಗೊತ್ತು. ಹೋದ ತಿಂಗಳು ಗೀರು ಬಿದ್ದ ಮದುವೆ ಸಿಡಿಗಳನ್ನೆಲ್ಲ ಇದರಲ್ಲೇ ಓದಿಸಲು ಒದ್ದಾಡಿದ್ದೆ, ಅಲ್ವಾ?

ಆ ಚಾನೆಲ್ಲನ್ನು ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟೆ. ವಿಂಡೋಸ್ ಅದನ್ನು ಹೊಸದಾಗಿ ಗುರುತಿಸಿತು. ಈಗ ಅಲ್ಟ್ರಾ ಡಿಎಂಎ ಮೋಡ್ 2. ಮೂರನೇ ಡಿಸ್ಕ್ 9 ನಿಮಿಷಕ್ಕೆ ಮುಗಿಯಿತು, ಕಾಕಾನ ಪ್ಲೇಯರ್‌ನಲ್ಲಿ ಓಡಿತು.

ಇನ್ನು 11 ಉಳಿದಿವೆ. ಐದನೇ ಟೇಪಿಗೆ ಬಿಳಿ ಬೂಷ್ಟು ಹಿಡಿದಿದೆ. ಅದನ್ನು ಕ್ಯಾಮೆರಾಕ್ಕೆ ಹಾಕುವ ಧೈರ್ಯ ಇನ್ನೂ ಬಂದಿಲ್ಲ.