ಒಂದು ತಿಂಗಳ ಮೊದಲು

ಇಂದು ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕುವ ಮುನ್ನ ತಿರುವುತ್ತಿದ್ದಾಗ, 2004ರ ಜುಲೈ ತಿಂಗಳ ಒಂದು ಸುದ್ದಿ ಕಣ್ಣಿಗೆ ಬಿತ್ತು. ಇರಾಕಿನಲ್ಲಿ ಒತ್ತೆಯಾಳಾಗಿದ್ದ ತನ್ನ ದೇಶದ ಒಬ್ಬ ಟ್ರಕ್ ಚಾಲಕನ ಪ್ರಾಣ ಉಳಿಸಲು ಫಿಲಿಪ್ಪೀನ್ಸ್, ಅಲ್ಲಿ ಅಮೆರಿಕ ನೇತೃತ್ವದ ಪಡೆಗಳ ಜೊತೆಗಿದ್ದ ತನ್ನ ಸೈನಿಕರನ್ನು ವಾಪಸು ಕರೆಸಿಕೊಂಡಿತ್ತು.

ಅವರ ಸಂಖ್ಯೆ ಕೇವಲ 51. ಅದಕ್ಕಿಂತಲೂ ನನ್ನನ್ನು ತಡೆದು ನಿಲ್ಲಿಸಿದ್ದು ದಿನಾಂಕ: ಆ ತುಕಡಿ ಹೇಗಿದ್ದರೂ ಆಗಸ್ಟ್ 20ರಂದು ಹೊರಡುವುದಿತ್ತು, ಅಪಹರಣಕಾರರು ಕೇಳಿದ್ದು ಆ ಒಂದು ತಿಂಗಳನ್ನು ಮಾತ್ರ. ಅಧ್ಯಕ್ಷೆ ಗ್ಲೋರಿಯಾ ಅರೋಯೊ ಅದನ್ನು ಕೊಟ್ಟರು. ಜುಲೈ 20ರಂದು ಚಾಲಕ ಬಿಡುಗಡೆಯಾದ. ಅಮೆರಿಕ, ಆಸ್ಟ್ರೇಲಿಯಾಗಳು ಬಹಿರಂಗವಾಗಿಯೇ ಅಸಮಾಧಾನ ತೋರಿದವು.

ಅದಕ್ಕೂ ಹಿಂದಿನ ತಿಂಗಳು ಇಂಥದೇ ಬೇಡಿಕೆಗೆ ಮಣಿಯದ ದಕ್ಷಿಣ ಕೊರಿಯಾ ತನ್ನ ಪ್ರಜೆಯೊಬ್ಬನನ್ನು ಕಳೆದುಕೊಂಡಿತ್ತು. ಲಕ್ಷಗಟ್ಟಲೆ ಜನರನ್ನು ದುಡಿಮೆಗಾಗಿ ಕೊಲ್ಲಿ ದೇಶಗಳಿಗೆ ಕಳುಹಿಸಿರುವ, ಅವರು ಕಳುಹಿಸುವ ಹಣವನ್ನು ಗಣನೀಯವಾಗಿ ನೆಚ್ಚಿಕೊಂಡಿರುವ ದೇಶವೊಂದು ಒಬ್ಬ ಚಾಲಕನನ್ನು ಕೈಬಿಟ್ಟು ತನ್ನ ಮನೆಗಳಿಗೆ ಏನೆಂದು ಉತ್ತರಿಸಬೇಕಿತ್ತು? ಅರೋಯೊ ಅವರ ನಿರ್ಧಾರವನ್ನು ಹೇಡಿತನವೆನ್ನಲು ನನಗೆ ಮನಸ್ಸು ಬರುವುದಿಲ್ಲ. (ರಾಜಕೀಯ ಲೆಕ್ಕಾಚಾರ ಅದರಲ್ಲಿರಲಿಲ್ಲವೆಂದೂ ಹೇಳಲಾರೆ.)

ಮಣಿದರೆ ಅಪಹರಣಗಳು ಹೆಚ್ಚುತ್ತವೆ ಎಂಬ ಟೀಕಾಕಾರರ ವಾದವನ್ನೂ ಸುಲಭವಾಗಿ ತಳ್ಳಿಹಾಕುವಂತಿಲ್ಲ, ಏಕೆಂದರೆ ಜುಲೈ 21ರಂದೇ ಇನ್ನೂ ಏಳು ಮಂದಿ ಚಾಲಕರ ಅಪಹರಣದ ಸುದ್ದಿ ಹೊರಬಿತ್ತು. ಅವರಲ್ಲಿ ಮೂವರು ಭಾರತೀಯರು. ಆದರೆ ಹಿಂತೆಗೆದುಕೊಳ್ಳಲು ಭಾರತದ ಸೈನಿಕರು ಅಲ್ಲಿರಲೇ ಇಲ್ಲ. ಸೇನೆ ಕಳುಹಿಸುವುದಿಲ್ಲವೆಂದು ದೆಹಲಿ ಒಂದು ವರ್ಷ ಮೊದಲೇ ತೀರ್ಮಾನಿಸಿತ್ತು. ಆ ಏಳೂ ಮಂದಿ ಬಿಡುಗಡೆಯಾಗಲು ಸೆಪ್ಟೆಂಬರ್ 1ರವರೆಗೆ ಕಾಯಬೇಕಾಯಿತು.